ಓಪನ್ ಹೌಸ್ ಇಟ್ರೆ ಮನೆ ಮಾರಾಟ ಆಗುತ್ತಾ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಮನೆ ಮಾರೋಕೆ ಹೊರಟೋರು ಯಾರೇ ಸಿಕ್ರೂ ಈ ಪ್ರಶ್ನೆ ಬಂದೇ ಬರುತ್ತೆ, ಓಪನ್ ಹೌಸ್ ಇಡ್ಬೇಕಾ ಬೇಡ್ವಾ ಅಂತ. ಇಲ್ಲಿನ ಕನ್ನಡ ಕೂಟದ ಯುಗಾದಿ ಊಟಕ್ಕೆ ಸಾಲಲ್ಲಿ ನಿಂತಾಗ್ಲೂ ಇದೇ ಮಾತು. ಇಲ್ಲೇ ಹತ್ತಿರದ ಡಬ್ಲಿನ್ ಊರ ಕಡೆ ಇರೋ ಒಬ್ರು, ಮಕ್ಕಳು ಕಾಲೇಜಿಗೆ ಹೋದ್ರು ಕಣ್ರೀ, ಇಷ್ಟು ದೊಡ್ಡ ಮನೆ ಯಾಕೆ, ಮಾರಿ ಸಣ್ಣದೊಂದು ತಗೊಳ್ಳೋಣ ಅಂತಿದೀವಿ, ಆದ್ರೆ ಗುರುತು ಪರಿಚಯ ಇಲ್ದಿರೋರೆಲ್ಲಾ ಬಂದು ನಮ್ಮ ಬೆಡ್‌ರೂಮ್ ಕ್ಲಾಸೆಟ್ ತೆಗೆದು ನೋಡೋದು ನಮ್ಮೆಜಮಾನ್ರಿಗೆ ಸುತರಾಂ ಇಷ್ಟ ಇಲ್ಲ ಅಂದ್ರು. ಅವರ ಹಿಂದಿದ್ದೋರು, ಅಯ್ಯೋ ಓಪನ್ ಹೌಸ್ ಇಡದೇ ಇಲ್ಲಿ ಮನೆ ಮಾರೋದುಂಟಾ ಅಂದ್ರು. ಒಬ್ಬಟ್ಟಿನ ಹತ್ರ ಬರೋ ಹೊತ್ತಿಗೆ ಸಾಲಲ್ಲಿ ಎರಡು ಪಾರ್ಟಿ ಆಗೋಗಿತ್ತು. ನಾನು ಕೊಳ್ಳೋಕೂ ಅಲೆದಿದೀನಿ, ಆಮೇಲೆ ನಮ್ಮ ಫ್ರೀಮಾಂಟ್ ಮನೆ ಮಾರಿಯೂ ಆಯ್ತು, ಹಾಗಾಗಿ ಎರಡೂ ಪಾರ್ಟಿಗೆ ಹೇಳೋದು ಸ್ವಲ್ಪ ಇದೆ, ಇಲ್ಲಿ ಬರೀತೀನಿ.

ಊರಲ್ಲಿರೋರಿಗೆ ಇದೇನು ಅಂತ ಒಂದೆರಡು ಮಾತು. ನಮ್ಮಲ್ಲಿ ಮನೆ ತೋರಿಸೋದು ಅಂದ್ರೆ ಬ್ರೋಕರ್ ಫೋನ್ ಮಾಡಿ, ಸಾರ್ ಸಂಜೆ ಐದಕ್ಕೆ ಒಂದು ಪಾರ್ಟಿ ಕರ್ಕೊಂಡ್ ಬರ್ತೀನಿ ಮನೇಲಿರ್ತೀರಾ ಅಂತಾನೆ, ಪಾರ್ಟಿ ಬರುತ್ತೆ, ಅಮ್ಮ ಕಾಫಿ ಕೊಡ್ತಾರೆ, ಬಂದೋರು ಸಂಪ್ ಎಷ್ಟು ಲೀಟರ್‌ದು, ಕಾವೇರಿ ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ, ಎ ಖಾತಾನಾ ಬಿ ಖಾತಾನಾ ಅಂತೆಲ್ಲಾ ಕೇಳ್ತಾರೆ, ಅಪ್ಪ ತಾವೇ ನಿಂತು ಕಟ್ಟಿಸಿದ ಕಥೆ ಶುರು ಮಾಡ್ತಾರೆ. ಇಲ್ಲಿ ಪೂರ್ತಿ ಉಲ್ಟಾ. ಶನಿವಾರ ಭಾನುವಾರ ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತು ಅಂತ ಟೈಮ್ ಹಾಕಿ, ರಸ್ತೆ ಮೂಲೆ ಮೂಲೆಗೂ ಬಾಣದ ಗುರುತಿನ ಬೋರ್ಡ್ ನೆಟ್ಟು, ಬಾಗಿಲು ತೆಗೆದಿಟ್ಬಿಡ್ತಾರೆ. ಅಪಾಯಿಂಟ್‌ಮೆಂಟ್ ಬೇಡ, ಏನೂ ಬೇಡ, ಯಾರು ಬೇಕಾದ್ರೂ ಒಳಗೆ ಬರಬಹುದು. ಮನೆಯೋರು ಮಾತ್ರ ಅಲ್ಲಿ ಇರಬಾರದು ಅನ್ನೋದು ಇಲ್ಲಿನ ರೂಢಿ, ಕಾಫಿ ಕೊಡೋದು, ಕಟ್ಟಿಸಿದ ಕಥೆ, ಯಾವ್ದೂ ಇಲ್ಲ. ಏಜೆಂಟ್ ಬಾಗಿಲ ಹತ್ರ ಒಂದು ಐಪ್ಯಾಡೋ ಕ್ಯೂಆರ್ ಕೋಡೋ ಇಟ್ಕೊಂಡು ಬಂದೋರ ಹೆಸರು ಫೋನ್ ನಂಬರ್ ತಗೋತಾರೆ.

ಆ ಹೆಸರು ಫೋನ್ ನಂಬರ್ ಇದೆಯಲ್ಲ, ಅಲ್ಲಿಂದ್ಲೇ ಜಗಳ ಶುರು. ಓಪನ್ ಹೌಸ್ ಇಡೋದು ನಿಮ್ಮ ಮನೆ ಮಾರೋಕಲ್ಲ, ಏಜೆಂಟ್‌ಗೆ ಗಿರಾಕಿ ಸಿಗ್ಲಿ ಅಂತ, ಅನ್ನೋ ಮಾತು ಇಲ್ಲಿ ಹಳೇದು, ಸಲಿಗೆ ಇರೋ ಏಜೆಂಟ್‌ಗಳು ತಾವೇ ಒಪ್ಕೋತಾರೆ. ಎಷ್ಟೋ ಸಲ ಅಲ್ಲಿ ಕೂತಿರೋದು ನಿಮ್ಮ ಏಜೆಂಟ್ ಕೂಡ ಅಲ್ಲ, ಅದೇ ಆಫೀಸಿನ ಹೊಸ ಹುಡುಗನೋ ಹುಡುಗಿಯೋ, ಅವರಿಗೆ ಆ ಮನೆ ಹೋದ್ರೆಷ್ಟು ಬಿಟ್ರೆಷ್ಟು, ಬಂದೋರಲ್ಲಿ ಇನ್ನೂ ಏಜೆಂಟ್ ಇಲ್ದಿರೋ ಇಬ್ಬರು ಸಿಕ್ರೆ ಸಾಕು. ಇನ್ನು ಬರೋ ಅಕ್ಕಪಕ್ಕದ ಮನೆಯೋರು. ಅವರೇನು ಕೊಳ್ಳಲ್ಲ, ಇವರ ಅಡಿಗೆಮನೆ ಹೇಗಿದೆ, ಇದು ಇಷ್ಟಕ್ಕೆ ಹೋದ್ರೆ ನಮ್ಮದು ಎಷ್ಟಕ್ಕೆ ಹೋಗಬಹುದು ಅಂತ ಲೆಕ್ಕ ಹಾಕೋಕೆ ಬರ್ತಾರೆ. ನಿಮಗೆ ಅವರಿಂದ ಮೂರು ಕಾಸಿನ ಉಪಯೋಗ ಇಲ್ಲ, ಏಜೆಂಟ್‌ಗೆ ಮಾತ್ರ ಬರೋ ವರ್ಷದ ಲಿಸ್ಟಿಂಗ್ (ಮಾರಾಟಕ್ಕೆ ಹಾಕೋ ಮನೆ) ಅವರೇ.

2024ರಲ್ಲಿ ಇದಕ್ಕೆ ಇನ್ನೊಂದು ತಿರುವು ಬಂತು. ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್, ಅಂದ್ರೆ ಇಲ್ಲಿನ ಏಜೆಂಟ್‌ಗಳ ದೊಡ್ಡ ಸಂಘ, ಕಮಿಷನ್ ವಿಷಯದ ಕೇಸಲ್ಲಿ 418 ಮಿಲಿಯನ್ ಡಾಲರ್ ಕೊಡ್ತೀವಿ ಅಂತ ರಾಜಿಗೆ ಬಂತು, ಆ ವರ್ಷ ಆಗಸ್ಟ್ 17ರಿಂದ ನಿಯಮ ಬದಲಾಯ್ತು. ಈಗ ಕೊಳ್ಳೋರ ಕಡೆ ಏಜೆಂಟ್ ನಿಮ್ಮನ್ನ ಒಂದು ಮನೆಗೆ ಕರ್ಕೊಂಡು ಹೋಗೋ ಮುಂಚೆ, ಅವರಿಗೆ ಎಷ್ಟು ಕೊಡ್ತೀರ ಅಂತ ಬರೆದ ಅಗ್ರಿಮೆಂಟ್‌ಗೆ ನೀವು ಸೈನ್ ಹಾಕಿರ್ಬೇಕು. ಆದ್ರೆ ಓಪನ್ ಹೌಸ್‌ಗೆ ನೀವಾಗೇ ನಡ್ಕೊಂಡು ಹೋದ್ರೆ ಸೈನ್ ಬೇಕಿಲ್ಲ, ಯಾಕಂದ್ರೆ ಅಲ್ಲಿರೋದು ಮಾರೋರ ಕಡೆಯೋರು. ಇದರಿಂದ ಏನಾಯ್ತು ಅಂದ್ರೆ, ಯಾರಿಗೂ ಕಟ್ಟು ಬೀಳದೇ ಆರಾಮಾಗಿ ಮನೆ ನೋಡ್ಬೇಕು ಅನ್ನೋರಿಗೆ ಓಪನ್ ಹೌಸ್ ಬಿಟ್ರೆ ಬೇರೆ ಸುಲಭದ ದಾರಿ ಉಳೀಲಿಲ್ಲ. ಅಂಥೋರಲ್ಲಿ ನಿಜವಾಗ್ಲೂ ಕೊಳ್ಳೋರೂ ಇರ್ತಾರೆ, ಇದನ್ನ ಡಬ್ಲಿನ್‌ನ ಯಜಮಾನ್ರು ಲೆಕ್ಕಕ್ಕೆ ತಗೊಂಡಂಗೆ ಕಾಣ್ಲಿಲ್ಲ.

ಹಾಗಾದ್ರೆ ಇದಿಲ್ದೇ ಮನೆ ಹೋಗೋದೇ ಇಲ್ವಾ? ಹೋಗುತ್ತೆ, ಕಣ್ಣಾರೆ ನೋಡಿದೀವಿ. 2020ರ ಮಾರ್ಚಲ್ಲಿ ಬೇ ಏರಿಯಾ ಕೌಂಟಿಗಳು ಎಲ್ಲಾರೂ ಮನೇಲೇ ಇರಿ ಅಂದಾಗ ಓಪನ್ ಹೌಸ್ ಪೂರ್ತಿ ನಿಂತೋಯ್ತು. ಆಮೇಲೆ ಶುರುವಾಗಿದ್ದು ಒಂದೊಂದೇ ಕುಟುಂಬ, ಅಪಾಯಿಂಟ್‌ಮೆಂಟ್, ಮಾಸ್ಕ್, ಒಳಗೆ ಹೋಗೋ ಮುಂಚೆ ಕೋವಿಡ್ ಫಾರ್ಮ್‌ಗೆ ಸೈನ್, ಡ್ರಾಯರ್ ಮುಟ್ಟಬೇಡಿ ಸ್ವಿಚ್ ಮುಟ್ಟಬೇಡಿ. ಉಳಿದಿದ್ದೆಲ್ಲಾ ವಿಡಿಯೋ, ತ್ರೀಡಿ ಟೂರ್ (ಅದರ ದೊಡ್ಡ ಕಂಪನಿ ಮ್ಯಾಟರ್‌ಪೋರ್ಟ್ ಆಗ ಇದ್ದಿದ್ದು ಇಲ್ಲೇ ಸನ್ನಿವೇಲ್‌ನಲ್ಲಿ). ಓಪನ್ ಹೌಸಲ್ಲಿ ಬಂದೋರಿಗೆ ಇಡೋ ಕುಕೀ ತಟ್ಟೆ ಒಂದೂ ಇಡದೇ ಆ ವರ್ಷದ ಕೊನೆ ಅರ್ಧದಲ್ಲಿ ಮನೆ ಹೋಗಿದ್ದೇ ಹೋಗಿದ್ದು. ಬಡ್ಡಿ ಇಳೀತಾ ಇತ್ತು, 2021ರ ಜನವರಿ ಹೊತ್ತಿಗೆ 30 ವರ್ಷದ ಸಾಲದ್ದು 2.65%ಗೆ ಇಳಿದಿತ್ತು, ಮನೆಯಿಂದ್ಲೇ ಕೆಲಸ ಮಾಡೋರಿಗೆಲ್ಲಾ ಇನ್ನೊಂದು ರೂಮ್ ಬೇಕಿತ್ತು, ಮಾರೋರು ಕಮ್ಮಿ. ಅಂಥ ಟೈಮಲ್ಲಿ ಬಾಗಿಲು ತೆಗೆದಿದ್ರೂ ಮುಚ್ಚಿದ್ರೂ ಮನೆ ಹೋಗ್ತಿತ್ತು.

ಮೇಲೆ ಹೇಳಿದ ಏಜೆಂಟ್‌ಗಳ ಸಂಘದೋರು ಪ್ರತಿ ವರ್ಷ ಮಾಡೋ ಸರ್ವೇನೂ ಇದನ್ನೇ ಹೇಳುತ್ತೆ. ನೀವು ಕೊಂಡ ಮನೆ ಮೊದಲು ಎಲ್ಲಿ ಕಣ್ಣಿಗೆ ಬಿತ್ತು ಅಂತ ಕೇಳಿದ್ರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಟರ್ನೆಟ್ ಅಂತಾರೆ, ಕಾಲುಭಾಗದ ಮೇಲೆ ಏಜೆಂಟ್ ಹೇಳಿದ್ರು ಅಂತಾರೆ, ಬೋರ್ಡ್ ಅಥವಾ ಓಪನ್ ಹೌಸ್ ನೋಡಿ ಗೊತ್ತಾಯ್ತು ಅನ್ನೋರು ಒಂದಂಕಿ ಪರ್ಸೆಂಟ್. ಬೇಡ ಅನ್ನೋ ಪಾರ್ಟಿ ಇದನ್ನೇ ಹಿಡ್ಕೊಂಡು, ನೋಡಿ ನೂರಕ್ಕೆ ಹತ್ತು ಜನಾನೂ ಅಲ್ಲಿ ಸಿಗಲ್ಲ, ಯಾಕೆ ಒದ್ದಾಡ್ಬೇಕು ಅಂತಾರೆ. ಆದ್ರೆ ಆ ಪ್ರಶ್ನೆ ಕೇಳೋದು ಮನೆ *ಗೊತ್ತಾಗಿದ್ದು* ಹೇಗೆ ಅಂತ. ಝಿಲ್ಲೋದಲ್ಲಿ (ಮನೆ ಹುಡುಕೋ ವೆಬ್‌ಸೈಟ್) ಬುಧವಾರ ರಾತ್ರಿ ನೋಡಿ ಶನಿವಾರ ಓಪನ್ ಹೌಸ್‌ಗೆ ಬಂದು ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ಮತ್ತೆ ಬಂದು ಮಂಗಳವಾರ ಆಫರ್ (ಇಷ್ಟಕ್ಕೆ ಕೊಳ್ತೀವಿ ಅಂತ ಬರೆದು ಕೊಡೋದು) ಹಾಕಿದೋರೂ ಇಂಟರ್ನೆಟ್ ಲೆಕ್ಕಕ್ಕೇ ಹೋಗ್ತಾರೆ.

ಬೇಕು ಅನ್ನೋ ಪಾರ್ಟಿ ಹತ್ರಾನೂ ಒಂದು ನಂಬರ್ ಇದೆ. 2019ರಲ್ಲಿ ಮನೆ ಮಾರಾಟದ ರೆಡ್‌ಫಿನ್ ಕಂಪನಿ ಒಂದು ಲೆಕ್ಕ ಬಿಡ್ತು, ಮೊದಲ ವಾರದಲ್ಲೇ ಓಪನ್ ಹೌಸ್ ಇಟ್ಟ ಮನೆಗಳು ಇಡದೇ ಇರೋವಕ್ಕಿಂತ ಸರಾಸರಿ ಸುಮಾರು 9 ಸಾವಿರ ಡಾಲರ್ ಜಾಸ್ತಿಗೆ, ಒಂದು ವಾರ ಬೇಗ ಹೋದ್ವು ಅಂತ. ಅದನ್ನ ಏಜೆಂಟ್‌ಗಳು ಸಿಕ್ಕಸಿಕ್ಕಲ್ಲೆಲ್ಲಾ ಹೇಳ್ತಾರೆ. ನನಗೇನೋ ಇದನ್ನ ಹಾಗೇ ನುಂಗೋಕಾಗಲ್ಲ. ಯಾವ ಮನೆಗೆ ಓಪನ್ ಹೌಸ್ ಇಡ್ತಾರೆ ಹೇಳಿ? ಪೇಂಟ್ ಹೊಡೆಸಿ, ಸ್ಟೇಜಿಂಗ್ (ಮಾರಾಟಕ್ಕೆ ಅಂತ ಮನೆ ಅಲಂಕಾರ) ಮಾಡಿಸಿ, ಒಳ್ಳೆ ಸ್ಕೂಲ್ ಇರೋ ಏರಿಯಾದ, ಹೇಗಿದ್ರೂ ಹೋಗೋ ಮನೆಗೆ. ಬಾಡಿಗೆಯೋರು ಖಾಲಿ ಮಾಡದೇ ಕೂತಿರೋ ಮನೆಗೋ, ಕಾರ್ಪೆಟ್ ತುಂಬಾ ನಾಯಿ ವಾಸನೆ ಇರೋ ಮನೆಗೋ ಯಾರೂ ಬೋರ್ಡ್ ನೆಡಲ್ಲ. ಹಾಗಾಗಿ ಆ 9 ಸಾವಿರದಲ್ಲಿ ಓಪನ್ ಹೌಸ್ ಪಾಲೆಷ್ಟು, ಪೇಂಟ್ ಪಾಲೆಷ್ಟು ಅಂತ ಬೇರೆ ಮಾಡೋದು ಕಷ್ಟ.

ನನ್ನ ಲೆಕ್ಕದಲ್ಲಿ ಓಪನ್ ಹೌಸ್ ಕೊಳ್ಳೋರನ್ನ ಹುಡುಕಿ ತರೋ ಸಾಧನ ಅಲ್ಲ, ಇಂಟರ್ನೆಟ್ ಆಗಲೇ ಹುಡುಕಿ ಇಟ್ಟಿರೋ ಕೊಳ್ಳೋರನ್ನೆಲ್ಲಾ ಒಂದೇ ಟೈಮಿಗೆ ಒಂದೇ ಹಾಲಲ್ಲಿ ನಿಲ್ಲಿಸೋ ಸಾಧನ. ಇಲ್ಲಿ ಮನೆ ಮಾರೋ ಕ್ರಮ ಪೂರ್ತಿ ಅದಕ್ಕೇ ಕಟ್ಟಿದಂಗಿದೆ ನೋಡಿ. ಬುಧವಾರ ಅಥವಾ ಗುರುವಾರ ಲಿಸ್ಟಿಂಗ್ ಹಾಕ್ತಾರೆ. ಬೆಲೆ ಬೇಕಂತಲೇ ಕಮ್ಮಿ, 1.5 ಮಿಲಿಯನ್ ಆಗಬಹುದು ಅನ್ನೋ ಮನೆಗೆ 1.3 ಅಂತ ಹಾಕೋದೆಲ್ಲಾ ಇಲ್ಲಿ ಮಾಮೂಲು. ಹೋಮ್ ಇನ್‌ಸ್ಪೆಕ್ಷನ್, ಟರ್ಮೈಟ್ (ಗೆದ್ದಲು) ರಿಪೋರ್ಟ್, ಭೂಕಂಪ ಪ್ರವಾಹದ ವಲಯದ ರಿಪೋರ್ಟ್, ಮಾರೋರು ಮನೆ ಬಗ್ಗೆ ಗೊತ್ತಿರೋದನ್ನೆಲ್ಲಾ ತುಂಬಿಕೊಡೋ ಡಿಸ್ಕ್ಲೋಷರ್ (ಕಳೆದ ಮೂರು ವರ್ಷದಲ್ಲಿ ಮನೇಲಿ ಯಾರಾದ್ರೂ ತೀರ್ಕೊಂಡಿದ್ರೆ ಅದನ್ನೂ ಹೇಳ್ಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನಿದೆ), ಎಲ್ಲಾ ಮೊದಲೇ ರೆಡಿ ಇಟ್ಟಿರ್ತಾರೆ, ಕೇಳಿದ್ರೆ ಲಿಂಕ್ ಕಳಿಸ್ತಾರೆ. ಶನಿವಾರ ಭಾನುವಾರ ಓಪನ್ ಹೌಸ್. ಮಂಗಳವಾರ ಅಥವಾ ಬುಧವಾರ ಆಫರ್‌ಗೆ ಕೊನೇ ದಿನ. ಅಂದ್ರೆ ಯೋಚನೆ ಮಾಡೋಕೆ ಇರೋದು ಎರಡೋ ಮೂರೋ ರಾತ್ರಿ, ಆ ರಾತ್ರೀಲಿ ಕಣ್ಮುಂದೆ ಬರೋದು ಮನೆಗಿಂತ ಜಾಸ್ತಿ ಆ ಮನೇಲಿ ಕಂಡ ಬೇರೆ ಜನ.

ಎರಡು ಹೋಟ್ಲು ಅಕ್ಕಪಕ್ಕ ಇದ್ರೆ, ಖಾಲಿ ಇರೋದು ಬಿಟ್ಟು ಇಡ್ಲಿಗೆ ಕ್ಯೂ ಇರೋ ಹೋಟ್ಲಿಗೇ ನಾವು ಹೋಗೋದು. ಮನೆಗೂ ಅದೇ ಬುದ್ಧಿ. ಹೊರಗೆ ಚಪ್ಪಲಿ ರಾಶಿ ಬಿದ್ದಿದ್ರೆ, ನೀಲಿ ಕವರ್ ಕಾಲಿಗೆ ಹಾಕ್ಕೊಂಡು ಗರ್ಭಿಣಿ ಹುಡುಗಿಯೊಬ್ಳು ಸಣ್ಣ ರೂಮಲ್ಲಿ ತೊಟ್ಟಿಲು ಎಲ್ಲಿಡೋಣ ಅಂತ ಗಂಡನ ಜೊತೆ ಅಳತೆ ತಗೋತಿದ್ರೆ, ನಮಗೆ ಅದುವರೆಗೆ ಸುಮಾರಾಗಿ ಕಾಣ್ತಿದ್ದ ಮನೆ ಇದ್ದಕ್ಕಿದ್ದಂಗೆ ಕೈತಪ್ಪಿ ಹೋಗೋ ಮನೆ ಆಗ್ಬಿಡುತ್ತೆ. ಇದನ್ನ ಅಪಾಯಿಂಟ್‌ಮೆಂಟ್ ಕೊಟ್ಟು ಒಬ್ಬೊಬ್ಬರಿಗೇ ತೋರಿಸಿ ಹುಟ್ಸೋಕಾಗಲ್ಲ. ಒಬ್ಬರಿಗೇ ತೋರಿಸಿದಾಗ ಅವರು ನಿಧಾನಕ್ಕೆ ಗೋಡೆ ಬಿರುಕು ನೋಡ್ತಾರೆ, ನೀರಿನ ಕಲೆ ನೋಡ್ತಾರೆ, ಕಿಟಕಿ ಎಷ್ಟು ವರ್ಷದ್ದು ಕೇಳ್ತಾರೆ. ಜನ ತುಂಬಿದಾಗ ಅದೆಲ್ಲಾ ಮರೆತು ಜನಾನೇ ನೋಡ್ತಾರೆ.

ಅದೇ ಕಾರಣಕ್ಕೆ ಇದು ತಿರುಗಿಯೂ ಹೊಡೆಯುತ್ತೆ. 2022ರ ಅಕ್ಟೋಬರ್‌ನಲ್ಲಿ ಬಡ್ಡಿ 7% ದಾಟಿದಾಗ ನೋಡ್ಬೇಕಿತ್ತು. ಅದೇ ಬೋರ್ಡು, ಅದೇ ಬಲೂನು, ಒಳಗೆ ಏಜೆಂಟ್ ಒಬ್ರೇ ಫೋನ್ ನೋಡ್ಕೊಂಡು ಕೂತಿರ್ತಿದ್ರು. ಅಂಥ ಖಾಲಿ ಮನೆಗೆ ಕಾಲಿಟ್ಟೋರಿಗೆ ಮೊದಲು ಹೊಳೆಯೋದೇ, ಯಾರೂ ಬಂದಿಲ್ವಲ್ಲ, ಏನೋ ದೋಷ ಇರ್ಬೇಕು ಅಂತ. ಅದಾದ್ಮೇಲೆ ಎರಡನೇ ವಾರ, ಮೂರನೇ ವಾರ ಮತ್ತೆ ಮತ್ತೆ ಅದೇ ಬೋರ್ಡ್ ನೆಟ್ರೆ, ಆ ರಸ್ತೇಲಿ ಓಡಾಡೋರಿಗೆಲ್ಲಾ ಈ ಮನೆ ಹೋಗ್ತಿಲ್ಲ ಅಂತ ನಾವೇ ಡಂಗುರ ಹೊಡೆದಂಗೆ. ಮೊದಲ ವಾರಾಂತ್ಯ ಇಡಿ, ಎರಡೂ ದಿನ ಇಡಿ, ಅಲ್ಲಿಗೆ ಬಿಡಿ. ಜನ ಬರ್ಲಿಲ್ಲ ಅಂದ್ರೆ ನೋಡ್ಬೇಕಾಗಿರೋದು ಬೆಲೇನ, ಇಲ್ಲಾ ಫೋಟೋನ.

ನಮ್ಮ ಮನೆ ಮಾರುವಾಗ ಏಜೆಂಟ್ ಒಬ್ರು ಗುಜರಾತಿ ಆಂಟಿ, ಮಾತು ಖಡಕ್. ಮೊದಲ ದಿನ ಬಂದೋರೇ ಸೀದಾ ಅಡಿಗೆಮನೆಗೆ ಹೋಗಿ ಒಲೆ ಮೇಲಿನ ಹುಡ್‌ನ ಒಳಗಡೆ ಬೆರಳಾಡಿಸಿ, ಬೆರಳನ್ನ ನನ್ನ ಮುಖದ ಮುಂದೆ ಹಿಡಿದ್ರು. ಜಿಡ್ಡು. ಇವತ್ತಿಂದ ಲಿಸ್ಟಿಂಗ್ ಮುಗಿಯೋವರೆಗೆ ಒಗ್ಗರಣೆ ಬಂದ್ ಅಂದ್ರು. ಇಂಗು ಡಬ್ಬಿ ಗ್ಯಾರೇಜಿಗೆ ಹೋಯ್ತು, ಅಲ್ಲಿಂದ್ಲೂ ವಾಸನೆ ಬರುತ್ತೆ ಅಂತ ಆಮೇಲೆ ಕಾರಿನ ಡಿಕ್ಕಿಗೆ. ಕೌಂಟರ್ ಮೇಲೆ ಮಿಕ್ಸಿ ಪಕ್ಕ ಅರಿಶಿನದ ಕಲೆ ಇತ್ತು, ಅದಕ್ಕೆ ಅಡಿಗೆ ಸೋಡಾ, ನಿಂಬೆಹಣ್ಣು, ಏನೇನೋ ಹಾಕಿ ತಿಕ್ಕಿದೀವಿ, ಹೋಗ್ಲಿಲ್ಲ, ಕೊನೆಗೆ ಸ್ಟೇಜಿಂಗ್‌ನೋರು ಅದರ ಮೇಲೆ ಒಂದು ಮರದ ಹಲಗೆ ಇಟ್ಟು ಅದರ ಮೇಲೆ ಬಣ್ಣದ ನಿಂಬೆಹಣ್ಣಿನ ಬೋಗುಣಿ ಇಟ್ರು. ಕ್ಲಾಸೆಟ್ಟಲ್ಲಿದ್ದ ದೇವರನ್ನ ನಾದಿನಿ ಮನೆಗೆ ಕಳಿಸಿದ್ವಿ. ಹೊಸ್ತಿಲ ಹತ್ರ ಹಚ್ಚಿದ್ದ ಅರಿಶಿನ ಕುಂಕುಮ ತೆಗೀಬೇಕು ಅಂದಾಗ ನಮ್ಮತ್ತೆಗೆ ಬೇಜಾರಾಯ್ತು, ಮನೆ ಮಾರೋ ಮುಂಚೇನೇ ಲಕ್ಷ್ಮೀನ ಹೊರಗೆ ಕಳಿಸ್ತಿದೀರಲ್ಲಾ ಅಂದ್ರು. ಅದಕ್ಕೆ ಆಂಟಿ ಹೇಳಿದ್ದು, ಕೊಳ್ಳೋರು ಇಂಡಿಯನ್ಸೇ ಆದ್ರೂ ಬೇರೆಯೋರ ದೇವರು ಇರೋ ಮನೇಲಿ ತಮ್ಮ ದೇವರನ್ನ ಎಲ್ಲಿಡೋದು ಅಂತ ಅವರಿಗೆ ಹೊಳೆಯಲ್ಲ. ಮಾತು ನಿಜ ಅನ್ಸ್ತು.

ಎರಡು ದಿನದಲ್ಲಿ ಬಂದೋರು ಬಹಳ. ಆಫರ್ ಹಾಕಿದೋರು ಬೆರಳೆಣಿಕೆ, ಅವರೆಲ್ಲಾ ಮೊದಲೇ ಆನ್‌ಲೈನಲ್ಲಿ ನೋಡಿ ಬಂದೋರೇ. ಆದ್ರೆ ಕೊನೆಗೆ ಕೊಂಡ ದಂಪತಿಯ ಏಜೆಂಟ್ ಆಮೇಲೆ ಆಂಟಿ ಹತ್ರ ಹೇಳಿದ್ರಂತೆ, ಶನಿವಾರ ಒಂದು ಬೆಲೆ ಅನ್ಕೊಂಡಿದ್ರು, ಭಾನುವಾರ ಮತ್ತೆ ಬಂದಾಗ ಡ್ರೈವ್‌ವೇ ತುಂಬಾ ಜನ ನೋಡಿ ಮೇಲೆ ಏರಿಸಿದ್ರು ಅಂತ. ಆ ಡ್ರೈವ್‌ವೇ ಜನದಲ್ಲಿ ನಮ್ಮ ಬೀದಿಯೋರೇ ಎಷ್ಟು ಜನ ಇದ್ರು ಅನ್ನೋದು ಬೇರೆ ಮಾತು. ಮೂರು ಕಾಸಿನ ಉಪಯೋಗ ಇಲ್ಲ ಅಂದೆನಲ್ಲ ಮೇಲೆ, ಸ್ವಲ್ಪ ಇದೆ ಅನ್ನಿ.

ಇನ್ನೊಂದು ಕಡೆ ಏಜೆಂಟ್ ಹಿತ, ನಮ್ಮ ಹಿತ ಬೇರೆ ಆಗೋದು ಟೈಮಿನ ವಿಷಯದಲ್ಲಿ. ಸ್ಟೀವನ್ ಲೆವಿಟ್, ಚಾಡ್ ಸೈವರ್ಸನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಚಿಕಾಗೋ ಸುತ್ತಮುತ್ತ ಮಾರಾಟವಾದ ಸುಮಾರು ಒಂದು ಲಕ್ಷ ಮನೆಗಳ ದಾಖಲೆ ತಗೊಂಡು ನೋಡಿದ್ರು, ಏಜೆಂಟ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿ ಮನೆಗಿಂತ ಒಂಬತ್ತೂವರೆ ದಿನ ಜಾಸ್ತಿ ಮಾರ್ಕೆಟ್ಟಲ್ಲಿ ಇಟ್ಟು 3.7% ಜಾಸ್ತಿ ಬೆಲೆ ತಗೋತಿದ್ರು. ನಮ್ಮ ಮನೆಗೆ ಹತ್ತು ಸಾವಿರ ಜಾಸ್ತಿ ಬಂದ್ರೆ ಅವರ ಕೈಗೆ ಬರೋದು ಇನ್ನೂರೋ ಮುನ್ನೂರೋ, ಅದಕ್ಕೆ ಇನ್ನೆರಡು ವಾರ ಯಾಕೆ ಕಾಯ್ತಾರೆ. ಓಪನ್ ಹೌಸ್, ಆಫರ್ ಡೇಟ್ ಅಂತ ಒಂದೇ ವಾರದಲ್ಲಿ ಎಲ್ಲಾ ಮುಗಿಸೋ ಈ ಕ್ರಮ ಅವರಿಗೂ ಅನುಕೂಲ ಅನ್ನೋದು ನೆನಪಿರ್ಲಿ. ಮಾರ್ಕೆಟ್ ಬಿಸಿ ಇದ್ದಾಗ ನಮಗೂ ಅನುಕೂಲ. ತಣ್ಣಗಿದ್ದಾಗ, ಇಲ್ಲಾ ನಿಮ್ಮ ಮನೆ ಎಲ್ಲರಿಗೂ ಹಿಡಿಸೋಂಥದ್ದಲ್ಲ ಅಂದಾಗ (ಕಡಿದಾದ ಗುಡ್ಡದ ಮೇಲಿದೆ, ಒಂದೇ ಬಾತ್‌ರೂಮು, ಹಿಂದುಗಡೆ ಫ್ರೀವೇ), ಕಾಯೋದೇ ಸರಿ, ಅಂಥ ಮನೆಗೆ ಬೇಕಾಗಿರೋದು ಜಾತ್ರೆ ಅಲ್ಲ, ಸರಿಯಾದ ಒಬ್ಬ ಗಿರಾಕಿ.

ಬೆಡ್‌ರೂಮ್ ತೋರಿಸೋಕೆ ಇಷ್ಟ ಇಲ್ಲ ಅನ್ನೋರಿಗೆ ಈಗ ಇನ್ನೊಂದು ಆಸೆ ತೋರಿಸ್ತಿದಾರೆ, ಪ್ರೈವೇಟ್ ಲಿಸ್ಟಿಂಗ್. ಬೋರ್ಡ್ ಇಲ್ಲ, ಆನ್‌ಲೈನ್ ಇಲ್ಲ, ಆ ಕಂಪನಿಯ ಏಜೆಂಟ್‌ಗಳ ಒಳಗೇ ಸುದ್ದಿ. ಇದರ ಮೇಲೆ 2025ರಲ್ಲಿ ದೊಡ್ಡ ಗಲಾಟೇನೇ ಆಯ್ತು, ಹಾಗೆ ಗುಟ್ಟಾಗಿ ಗಿರಾಕಿ ಹುಡುಕಿದ ಮನೆಗಳನ್ನ ನಾವು ತೋರಿಸಲ್ಲ ಅಂತ ಝಿಲ್ಲೋ ಹೇಳ್ತು, ಅಂಥ ಪ್ರೈವೇಟ್ ಲಿಸ್ಟಿಂಗ್ ಮಾಡೋ ಏಜೆಂಟ್ ಕಂಪನಿ ಕಂಪಾಸ್ ಕೋರ್ಟಿಗೆ ಹೋಯ್ತು. ಅವರವರ ಜಗಳ ಅವರದ್ದು, ಆದ್ರೆ ಮಾರೋರಾಗಿ ಯೋಚನೆ ಮಾಡಿದ್ರೆ ಕಮ್ಮಿ ಜನಕ್ಕೆ ಗೊತ್ತಾದ್ರೆ ಜಾಸ್ತಿ ಬೆಲೆ ಹೇಗೆ ಬರುತ್ತೆ ಅನ್ನೋದು ನನ್ನ ತಲೆಗೆ ಹೋಗಲ್ಲ. ಮುಜುಗರ ಇದ್ರೆ ಲಿಸ್ಟಿಂಗ್ ಎಲ್ಲರಿಗೂ ಕಾಣೋ ಹಾಗೇ ಹಾಕಿ, ನೋಡೋಕೆ ಮಾತ್ರ ಅಪಾಯಿಂಟ್‌ಮೆಂಟ್ ಅನ್ನಿ. ಇನ್ನು ಓಪನ್ ಹೌಸ್ ಇಡ್ತೀರಾ ಅಂದ್ರೆ ಒಡವೆ, ಪಾಸ್‌ಪೋರ್ಟು, ಮಾತ್ರೆ ಡಬ್ಬಿ ಮನೇಲಿ ಬಿಡಬೇಡಿ, ಬಾತ್‌ರೂಮ್ ಕ್ಯಾಬಿನೆಟ್ಟಿಂದ ನೋವಿನ ಮಾತ್ರೆ ಕದಿಯೋಕೇ ಬರೋರಿದಾರೆ. ಕಾಸ್ಟ್‌ಕೋ ಅಂಗಡಿ ಪಾರ್ಕಿಂಗಲ್ಲಿ ಕೂತು ಮನೆ ಕ್ಯಾಮೆರಾದಲ್ಲಿ ಬಂದೋರ ಮಾತು ಕದ್ದು ಕೇಳೋ ಚಪಲಾನೂ ಬೇಡ. ಖಾಸಗಿ ಮಾತನ್ನ ಒಪ್ಪಿಗೆ ಇಲ್ದೆ ರೆಕಾರ್ಡ್ ಮಾಡೋದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ.

ಕೊಳ್ಳೋರಿಗೆ ಮಾತ್ರ ನಾನು ಕಣ್ಣುಮುಚ್ಚಿ ಹೇಳ್ತೀನಿ, ಓಪನ್ ಹೌಸ್‌ಗೆ ಹೋಗಿ, ಕೊಳ್ಳೋ ಯೋಚನೆ ಬರೋಕೆ ಆರು ತಿಂಗಳು ಮುಂಚೆಯಿಂದ್ಲೇ ಹೋಗಿ. ಫೋಟೋದಲ್ಲಿ ವೈಡ್ ಆಂಗಲ್ ಹಾಕಿ ಬಚ್ಚಲುಮನೇನೂ ಹಾಲ್ ಥರ ತೋರಿಸ್ತಾರೆ, ಅಲ್ಲಿ ನಿಂತಾಗ್ಲೇ ಗೊತ್ತಾಗೋದು. ಸನ್ನಿವೇಲ್‌ನಲ್ಲಿ ಒಂದು ಮನೇಲಿ ವಯಸ್ಸಾದ ಚೈನೀಸ್ ದಂಪತಿ ಬಂದಿದ್ರು. ಆಕೆ ಒಂದೊಂದೇ ಟಾಯ್ಲೆಟ್ಟಿಗೂ ಹೋಗಿ ಫ್ಲಶ್ ಮಾಡಿ, ಎಲ್ಲಾ ನಲ್ಲಿ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿದ್ರು, ಆತ ಹಿತ್ತಲಲ್ಲಿ ಬೇಲಿ ಹತ್ರ ಕೈಕಟ್ಟಿಕೊಂಡು ಸುಮ್ಮನೆ ನಿಂತಿದ್ರು. ಏನು ಮಾಡ್ತಿದಾರಪ್ಪ ಅನ್ಕೊಂಡೆ, ಸ್ವಲ್ಪ ಹೊತ್ತಿಗೆ ಕ್ಯಾಲ್‌ಟ್ರೇನ್ (ಇಲ್ಲಿನ ಲೋಕಲ್ ರೈಲು) ಹೋಯ್ತು, ಆತ ವಾಚ್ ನೋಡ್ಕೊಂಡು ಒಳಗೆ ಬಂದ್ರು. 2024ರ ಸೆಪ್ಟೆಂಬರ್‌ನಿಂದ ಆ ಲೈನಲ್ಲಿ ಕರೆಂಟ್ ರೈಲು ಓಡ್ತಿದೆ, ಡೀಸೆಲ್ ಕಾಲದಷ್ಟು ಸದ್ದಿಲ್ಲ, ಹಾರನ್ ಮಾತ್ರ ಇದ್ದೇ ಇದೆ. ಆದ್ರೆ ವಾರದ ದಿನದಷ್ಟು ರೈಲು ವಾರಾಂತ್ಯ ಓಡಲ್ಲ, ಸ್ಕೂಲಿಗೆ ಬಿಡೋ ಕಾರುಗಳ ಸಾಲೂ ಶನಿವಾರ ಇರಲ್ಲ. ಹಾಗಾಗಿ ಮನೆ ಇಷ್ಟ ಆದ್ರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋಗಿ ಆ ರಸ್ತೇಲಿ ಹತ್ತು ನಿಮಿಷ ನಿಂತು ಬನ್ನಿ.

ಮತ್ತೆ ಅಲ್ಲಿ ನಗುನಗ್ತಾ ಮಾತಾಡ್ಸೋ ಏಜೆಂಟ್ ಮಾರೋರ ಕಡೆಯೋರು ಅನ್ನೋದು ಮರೀಬೇಡಿ, ಬಜೆಟ್ ಎಷ್ಟು, ಮಗು ಯಾವಾಗ ಸ್ಕೂಲಿಗೆ ಹೋಗ್ಬೇಕು, ಲೀಸ್ ಯಾವಾಗ ಮುಗಿಯುತ್ತೆ, ಯಾವ್ದೂ ಬಾಯಿಬಿಡ್ಬೇಡಿ. ಕನ್ನಡದಲ್ಲಿ ಮಾತಾಡ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ ಅನ್ನೋ ಧೈರ್ಯಾನೂ ಬೇಡ. ನಮ್ಮ ಫ್ರೆಂಡ್ ಒಬ್ಬ ಒಂದು ಅಡಿಗೆಮನೇಲಿ ನಿಂತು ಹೆಂಡತಿಗೆ, ಲಿಸ್ಟ್ ಪ್ರೈಸ್ ಮೇಲೆ ಇನ್ನೂ ಒಂದು ಲಕ್ಷ ಏರಿಸೋಣ ಕಣೇ, ಇದನ್ನ ಬಿಡೋದು ಬೇಡ ಅಂದ್ನಂತೆ. ಬಾಗಿಲ ಹತ್ರ ಕಾರ್ಡ್ ಕೊಡ್ತಾ ಏಜೆಂಟು, ಆಯ್ತು ಸಾರ್, ಮಂಗಳವಾರದೊಳಗೆ ಆಫರ್ ಕಳಿಸ್ಬಿಡಿ, ಅಂದಂಗೆ ನಿಮ್ದು ಮೈಸೂರು ಕಡೇನಾ ಅಂದ್ರಂತೆ.